ಅಧ್ಯಕ್ಷರ ದೋಣಿಯ ಮೂರು ತೂತು

ಏಪ್ರಿಲ್ ಒಂಬತ್ತು, ಭಾನುವಾರ. ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಮಾಜಿ ಕ್ರೀಡಾ ಮಂತ್ರಿಗಳ ಆಪ್ತ ಕಾರ್ಯದರ್ಶಿ ಠಾಣೆಗೆ ಬಂದ. ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು, ಕೈಯಲ್ಲಿ ಟೈಪು ಮಾಡಿಸಿದ ದೂರಿತ್ತು. ಘಟನೆ ನಡೆದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ದೂರಿನಲ್ಲಿ ವಿರೋಧ ಪಕ್ಷದ ಮೂವರ ಹೆಸರು ಆಗಲೇ ಸೇರಿತ್ತು.

"ಇವರನ್ನ ಕೆರೆ ಹತ್ರ ಯಾರಾದ್ರೂ ನೋಡಿದ್ರಾ?" ಇನ್‌ಸ್ಪೆಕ್ಟರ್ ಕೇಳಿದರು.

"ನೋಡೋದೇನು ಸಾರ್, ಇವರದೇ ಕೈವಾಡ."

"ಹಾಗಾದ್ರೆ ಅಪರಿಚಿತರು ಅಂತ ಬರ್ಕೊಳ್ತೀನಿ."

ಎಫ್‌ಐಆರ್ ಸಂಖ್ಯೆ 114. ಕೊಲೆ ಯತ್ನ. ಕೆರೆಯ ದೋಣಿ ಸ್ಪರ್ಧೆಯ ಅಂಗಣಕ್ಕೆ ಅಂದು ಮಾಜಿ ಮಂತ್ರಿಗಳ ಹೆಸರಿಡುವ ಸಮಾರಂಭವಿತ್ತು. ನಾಮಫಲಕ ಆಚೆ ದಡದಲ್ಲಿತ್ತು. ಅವರು ಈಚೆ ದಡದಿಂದ ಹಳೆಯ ಮರದ ದೋಣಿಯಲ್ಲಿ ಹೋಗಿ ಪರದೆ ಸರಿಸಬೇಕಿತ್ತು. ಹತ್ತು ಐವತ್ತಕ್ಕೆ ಕೆರೆಯ ನಡುವೆ ದೋಣಿಗೆ ನೀರು ನುಗ್ಗಿ ಮಗುಚಿತು. ಹುಟ್ಟು ಹಾಕುತ್ತಿದ್ದ ಇಬ್ಬರು ಈಜಿ ಪಾರಾದರು. ಮಾಜಿ ಮಂತ್ರಿಗಳನ್ನು ಐದು ಜನ ಸೇರಿ ಎತ್ತಿ ತಂದರು.

ಊರಿನಲ್ಲಿ ಅವರನ್ನು ಯಾರೂ ಮಾಜಿ ಮಂತ್ರಿ ಎನ್ನುತ್ತಿರಲಿಲ್ಲ. ಎಲ್ಲರಿಗೂ ಅವರು 'ಅಧ್ಯಕ್ಷರು'. ಪುರಸಭೆ ಸದಸ್ಯತನದಿಂದ ಶುರು ಮಾಡಿದವರು ಮೂರು ಸಲ ಶಾಸಕರಾದರು, ಎರಡು ಸಲ ಕ್ರೀಡಾ ಮಂತ್ರಿಯಾದರು. ಮಂತ್ರಿಯಾಗಿದ್ದಾಗಲೇ ದೋಣಿ ಸ್ಪರ್ಧೆಗಳ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಅಧ್ಯಕ್ಷರಾಗಿ ಹನ್ನೆರಡು ವರ್ಷ ಕುರ್ಚಿ ಬಿಡಲಿಲ್ಲ. ಹುಟ್ಟು ಹಿಡಿದು ಅಭ್ಯಾಸವಿಲ್ಲದ ಮನುಷ್ಯ. ಆದರೆ ಎಂಬತ್ತು ದೇಶಗಳ ಪ್ರತಿನಿಧಿಗಳಲ್ಲಿ ಯಾರ ಅಳಿಯನಿಗೆ ಕೆಲಸ ಬೇಕು, ಯಾರ ಮಗಳಿಗೆ ಯಾವ ಕಾಲೇಜಿನಲ್ಲಿ ಸೀಟು ಬೇಕು ಎಂಬುದು ಬಾಯಿಪಾಠವಿತ್ತು.

ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದರು. ಅಧ್ಯಕ್ಷರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಂಚದ ಮೇಲೆ ಕೂತು ಪತ್ರಿಕಾ ಹೇಳಿಕೆ ಬರೆಸುತ್ತಿದ್ದರು.

"ಲೈಫ್ ಜಾಕೆಟ್ ಯಾಕೆ ಹಾಕ್ಕೊಂಡಿರಲಿಲ್ಲ ಸಾರ್?"

"ಫೋಟೋದಲ್ಲಿ ಹೊಟ್ಟೆ ದಪ್ಪ ಕಾಣುತ್ತೆ."

"ಈಜು ಬರುತ್ತಾ?"

"ಅದು ನಿಮ್ಮ ತನಿಖೆಗೆ ಬೇಕಿಲ್ಲ. ಹೆಸರು ಕೊಟ್ಟಿದ್ದೀನಲ್ಲ, ಹೋಗಿ ಎಳ್ಕೊಂಡು ಬನ್ನಿ. ಚುನಾವಣೆ ಒಳಗೆ ಆಗ್ಬೇಕು."

ಸಂಜೆ ನಾಲ್ಕಕ್ಕೆ, ಕೆರೆಯ ದೋಣಿಗಳನ್ನೆಲ್ಲ ಇಡುವ ದೋಣಿಮನೆಯಲ್ಲಿ ಪಂಚನಾಮೆ ನಡೆಯಿತು. ದೋಣಿಯನ್ನು ಮೇಲೆತ್ತಿ ಬೋರಲು ಹಾಕಿದ್ದರು. ಕಾಲಿಡುವ ಹಲಗೆಯ ಕೆಳಗೆ ಹೆಬ್ಬೆರಳಿನಷ್ಟು ಅಗಲದ ಮೂರು ತೂತುಗಳಿದ್ದವು. ಒಂದರ ಅಂಚಿನಲ್ಲಿ ಬಿಳಿಯ ಜಿಡ್ಡು. ಮಹಿಳಾ ಹೆಡ್ ಕಾನ್‌ಸ್ಟೆಬಲ್ ಅದನ್ನು ಉಗುರಿನಿಂದ ಕೆರೆದು ಮೂಸಿದಳು.

"ಬಟ್ಟೆ ಸೋಪು ಸಾರ್. ತೂತಿಗೆ ಸೋಪು ತುಂಬಿ ಮೇಲೆ ತೆಳ್ಳಗೆ ಬಣ್ಣ ಬಳಿದಿದ್ದಾರೆ. ನೀರಿಗಿಳಿದು ಹದಿನೈದಿಪ್ಪತ್ತು ನಿಮಿಷಕ್ಕೆ ಕರಗಿದೆ."

ಅವಳ ಅಪ್ಪ ಬಡಗಿ. ಅವಳು ದೋಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ.

"ಏನಮ್ಮ?"

"ಮೂರೂ ತೂತು ಅಡ್ಡಪಟ್ಟಿಗಳ ನಡುವೆ ಬಿದ್ದಿದೆ ಸಾರ್. ಒಂದು ಪಟ್ಟಿಗೂ ಏಟಿಲ್ಲ, ಹಲಗೆ ಸೀಳಿಲ್ಲ. ಬೆಣೆ ಹೊಡೆದ್ರೆ ನಾಳೇನೇ ದೋಣಿ ನೀರಿಗಿಳಿಯುತ್ತೆ. ಮುಳುಗಿಸೋನು ಎಲ್ಲಿ ಬೇಕಾದ್ರೂ ಕೊರೀತಾನೆ. ಇವರು ದೋಣಿ ಕೆಡಬಾರದು ಅಂತ ನೋಡ್ಕೊಂಡು ಕೊರೆದಿದ್ದಾರೆ."

ದೋಣಿಮನೆಯ ಕೀಲಿ ಯಾರು ಯಾವಾಗ ಒಯ್ದರೆಂದು ಬರೆದಿಡುವ ಪುಸ್ತಕವನ್ನು ಇನ್‌ಸ್ಪೆಕ್ಟರ್ ತರಿಸಿದರು. ಶನಿವಾರ ದೋಣಿಮನೆ ತೆರೆದವರು ಇಬ್ಬರು: ಕಾವಲುಗಾರ ಮತ್ತು ದೋಣಿ ರಿಪೇರಿ ಮಾಡುವ ಹೆಂಗಸು. ಕಾವಲುಗಾರನ ಬಲಗೈ ಮುರಿದು ಒಂದು ವಾರದಿಂದ ಪಟ್ಟಿಯಲ್ಲಿತ್ತು.

"ಅಕ್ಕನ್ನ ಯಾಕೆ ಸಾರ್ ಕೇಳ್ತೀರಾ?" ಎಂದು ಅವನು ಮುಖ ಗಂಟು ಹಾಕಿದ. "ದೋಣಿಗಳನ್ನ ಮಕ್ಕಳ ಹಾಗೆ ನೋಡ್ಕೊಳ್ತಾಳೆ."

"ಅದಕ್ಕೇ ಕೇಳ್ತಿರೋದು."

ಅವಳನ್ನು ದೋಣಿಮನೆಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಮೊದಲು ಕರೆದವಳು ಅವಳ ಸ್ವಂತ ತಂಗಿ. ಇಲ್ಲೇ ಹುಟ್ಟು ಹಿಡಿದು ಬೆಳೆದ ಸ್ಪರ್ಧಿ. ಆರು ವರ್ಷದ ಹಿಂದೆ ಇದೇ ಕೆರೆಯಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಸತ್ತುಹೋದಳು ಎಂದು ಕಾವಲುಗಾರ ಹೇಳಿದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೆಡ್ ಕಾನ್‌ಸ್ಟೆಬಲ್ ಠಾಣೆಯ ದಾಖಲೆ ಕೋಣೆಗೆ ನುಗ್ಗಿದಳು. ಇಪ್ಪತ್ತು ನಿಮಿಷಕ್ಕೆ ಆ ಅಸಹಜ ಸಾವಿನ ಕಡತ ಸಿಕ್ಕಿತು. ಅದರಲ್ಲಿ ಒಕ್ಕೂಟದ ವಿಚಾರಣಾ ವರದಿಯ ಪ್ರತಿ ಇತ್ತು, ಕೆಳಗೆ ಅಧ್ಯಕ್ಷರ ಸಹಿ. 'ಸ್ಪರ್ಧಿಯು ತನ್ನ ಹೃದ್ರೋಗವನ್ನು ಮುಚ್ಚಿಟ್ಟು ಭಾಗವಹಿಸಿದ್ದೇ ಸಾವಿಗೆ ಕಾರಣ.' ಆ ವರದಿ ಹೊರಬಿದ್ದ ಎರಡು ತಿಂಗಳಿಗೆ ಅಧ್ಯಕ್ಷರು ಅವಿರೋಧವಾಗಿ ಮತ್ತೆ ಆಯ್ಕೆಯಾಗಿದ್ದರು. ಕಡತದ ತಳದಲ್ಲಿ ಇನ್ನೆರಡು ಹಾಳೆಗಳಿದ್ದವು. ಇನ್‌ಸ್ಪೆಕ್ಟರ್ ಅವನ್ನು ನಿಂತಲ್ಲೇ ಓದಿ, ಮಡಚಿ ಜೇಬಿಗಿಟ್ಟುಕೊಂಡರು.

ಹನ್ನೊಂದಕ್ಕೆ ಅಕ್ಕನ ರಿಪೇರಿ ಶೆಡ್ಡು ಶೋಧಿಸಿದರು. ದೋಣಿಮನೆಯ ಹಿಂದಿನ ತಗಡಿನ ಕೊಠಡಿ ಅದು. ಗೋಡೆಯ ಮೊಳೆಗಳಿಗೆ ಏಳು ಬೈರಿಗೆಗಳು ತೂಗುತ್ತಿದ್ದವು. ಆರಕ್ಕೆ ಮರದ ಹುಡಿ ಮೆತ್ತಿತ್ತು. ಒಂದನ್ನು ತೊಳೆದು ಎಣ್ಣೆ ಹಚ್ಚಲಾಗಿತ್ತು. ದೋಣಿಯ ತೂತಿಗೆ ಅದು ಸರಿಯಾಗಿ ಕೂತಿತು.

ಅಕ್ಕನಿಗೆ ಐವತ್ತರ ಆಸುಪಾಸು. ಬೆರಳ ಸಂದಿಯಲ್ಲಿ ಅಂಟು ಒಣಗಿ ಬಿಳಿಯಾಗಿತ್ತು. ಅವಳು ಉಳಿ ಕೆಳಗಿಟ್ಟಳು.

"ಯಾವತ್ತು ಕೊರೆದ್ರಿ?"

"ಶನಿವಾರ ಮಧ್ಯಾಹ್ನ. ಊಟ ಆದ್ಮೇಲೆ."

"ಹುಟ್ಟು ಹಾಕೋರು ಇಬ್ಬರಿದ್ರಲ್ಲ?"

"ಅವರು ಮೀನಿನ ಹಾಗೆ ಈಜ್ತಾರೆ."

"ಅಧ್ಯಕ್ಷರಿಗೆ ಬರಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಸಾಯಲಿ ಅಂತಾನೇ ಮಾಡಿದ್ದಾ?"

ಅವಳು ಯೋಚಿಸಿದಳು. "ಸತ್ತಿದ್ರೆ ಅಳ್ತಿರಲಿಲ್ಲ ಸಾರ್. ಸುಳ್ಳು ಯಾಕೆ ಹೇಳ್ಲಿ."

ಹೆಡ್ ಕಾನ್‌ಸ್ಟೆಬಲ್ ಸ್ಟೂಲು ಎಳೆದು ಅವಳೆದುರು ಕೂತಳು. "ತಂಗಿ ವಿಷಯ ಹೇಳಿ ಅಕ್ಕ."

"ಸ್ಪರ್ಧೆ ಬೆಳಿಗ್ಗೆ ಏಳಕ್ಕಿತ್ತು. ಯಾವುದೋ ದೇಶದ ಟೀವಿಗೆ ಅನುಕೂಲ ಅಂತ ಮಧ್ಯಾಹ್ನ ಒಂದಕ್ಕೆ ಮಾಡಿದ್ರು. ಉರಿ ಬಿಸಿಲು. ತರಬೇತುದಾರರು ಬೇಡ ಅಂತ ಕೈಮುಗಿದ್ರು. 'ಬಿಸಿಲಿಗೆ ಕರಗೋಕೆ ಇವರೇನು ಬೆಣ್ಣೆಯಾ' ಅಂದ್ರು ಅಧ್ಯಕ್ಷರು, ನನ್ನೆದುರೇ. ಅರ್ಧ ದಾರೀಲಿ ಇವಳು ಕೈ ಎತ್ತಿದ್ಳು, ನಿಲ್ಲಿಸಿ ಅಂತ. ತೀರ್ಪುಗಾರರ ದೋಣಿ ಪಕ್ಕದಲ್ಲೇ ಇತ್ತು. ನೇರ ಪ್ರಸಾರ ಆಗೋವಾಗ ಸ್ಪರ್ಧೆ ನಿಲ್ಲಿಸಬಾರದು ಅಂತ ಅಪ್ಪಣೆಯಾಗಿತ್ತಂತೆ. ಮೂರು ಸಲ ಎತ್ತಿದ್ಳು. ಆಮೇಲೆ ಹುಟ್ಟಿನ ಮೇಲೆ ಒರಗಿಬಿಟ್ಳು." ಅವಳು ಸೆರಗಿನಿಂದ ಬೆರಳು ಒರೆಸಿಕೊಂಡಳು. "ನಿನ್ನೆ ಅವರು ಒಂದು ಸಲ ಕೈ ಎತ್ತಿದ್ರು. ಐದು ಜನ ಹಾರಿದ್ರು."

"ಆರು ವರ್ಷ ಸುಮ್ಮನಿದ್ದವರು ಈಗ ಯಾಕೆ?"

"ಅಮ್ಮ ಇದ್ಳು. ಜನವರಿಯಲ್ಲಿ ಹೋದ್ಳು. ಆ ವರದಿ ಓದಿದ ದಿನದಿಂದ ಒಂದೇ ಮಾತು, 'ಕಾಯಿಲೆ ಇದ್ದಿದ್ದನ್ನ ನನ್ನ ಹತ್ರಾನೂ ಮುಚ್ಚಿಟ್ಟಳಲ್ಲ.' ಅವಳು ಮುಚ್ಚಿಟ್ಟಿಲ್ಲಮ್ಮ ಅಂತ ಎಷ್ಟು ಹೇಳಿದ್ರೂ ನಂಬಲಿಲ್ಲ. ಸಹಿ ಹಾಕಿದ್ದು ಮಂತ್ರಿಗಳಲ್ವಾ, ಸುಳ್ಳು ಬರೀತಾರಾ ಅಂತಿದ್ಳು. ಮರಣೋತ್ತರ ಪರೀಕ್ಷೆ ವರದಿ ಕೊಡಿ ಅಂತ ನಿಮ್ಮ ಠಾಣೆಗೆ ಎರಡು ಸಲ ಅರ್ಜಿ ಹಾಕಿದೆ. ಕಡತ ಸಿಗ್ತಿಲ್ಲ ಅಂದ್ರು."

ಮಧ್ಯಾಹ್ನ ಒಂದು ಹತ್ತಕ್ಕೆ ಬಂಧನ. ಮೆಮೋಗೆ ಅಕ್ಕ ಓದಿಯೇ ಸಹಿ ಮಾಡಿದಳು.

ಎರಡಕ್ಕೆ ಅಧ್ಯಕ್ಷರ ಫೋನು ಬಂತು. "ರಿಪೇರಿ ಹೆಂಗಸಂತೆ? ತಲೆ ಕೆಟ್ಟಿದೆ ಅಂತ ಬರೆದು ಮುಗಿಸಿ. ಹಳೇದೆಲ್ಲ ಕೆದಕಬೇಡಿ."

"ಕಾರಣ ಇಲ್ಲದೆ ದೋಷಾರೋಪ ಪಟ್ಟಿ ನಿಲ್ಲಲ್ಲ ಸಾರ್. ನಿಮ್ಮ ವರದಿಯನ್ನೂ ಸೇರಿಸ್ತೀನಿ. ನೀವು ಕೋರ್ಟಿಗೆ ಬಂದು ಆ ಸಹಿ ನಿಮ್ದೇ ಅಂತ ಹೇಳ್ಬೇಕಾಗುತ್ತೆ."

ಆ ಕಡೆಯಿಂದ ವರ್ಗಾವಣೆಯ ಮಾತು ಬಂತು. ಇನ್‌ಸ್ಪೆಕ್ಟರ್ ಫೋನು ಇಟ್ಟರು. ಕೇಸ್ ಡೈರಿಯ ಅಂದಿನ ಪುಟದಲ್ಲಿ ಹೀಗೆ ಬರೆದರು: 'ಆರೋಪಿಗೆ ರಾಜಕೀಯ ಸಂಬಂಧವಿಲ್ಲ. ತಂಗಿಯ ಸಾವಿಗಿಂತ, ಆ ಸಾವಿನ ಬಗ್ಗೆ ಬರೆದ ಒಂದು ವಾಕ್ಯ ಕೃತ್ಯಕ್ಕೆ ಪ್ರೇರಣೆ ಎಂದು ಕಂಡುಬರುತ್ತದೆ. ಸದರಿ ವಾಕ್ಯ ಸುಳ್ಳೆಂದು ತೋರಿಸುವ ದಾಖಲೆ ಆರು ವರ್ಷದಿಂದ ಈ ಠಾಣೆಯಲ್ಲೇ ಇತ್ತು.'

ಅಕ್ಕನನ್ನು ನ್ಯಾಯಾಧೀಶರ ಮುಂದೆ ಕರೆದೊಯ್ಯುವ ಮೊದಲು ಅವರು ಜೇಬಿನಿಂದ ಆ ಎರಡು ಹಾಳೆ ತೆಗೆದು ಬಿಡಿಸಿ ಅವಳ ಮುಂದಿಟ್ಟರು. ಮರಣೋತ್ತರ ಪರೀಕ್ಷೆಯ ವರದಿ. ಏಳನೆಯ ಸಾಲಿನಲ್ಲಿ 'ಹೃದಯ: ಸಹಜ, ಯಾವುದೇ ರೋಗದ ಲಕ್ಷಣವಿಲ್ಲ' ಎಂದಿತ್ತು.

ಅಕ್ಕ ಸಾಲಿನ ಕೆಳಗೆ ಬೆರಳಿಟ್ಟು ಎರಡು ಸಲ ಓದಿದಳು.

"ಜನವರಿಯಲ್ಲೂ ಇದು ಇಲ್ಲೇ ಇತ್ತಾ ಸಾರ್?"

"ಇಲ್ಲೇ ಇತ್ತಮ್ಮ" ಎಂದರು ಇನ್‌ಸ್ಪೆಕ್ಟರ್.