ಕಂಚಿನ ಗಿಳಿಯ ಬಾಗಿಲುಮಣಿ

ನಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಿಗೆ ಬಂದಿರದ ಕಾಲ. ಆಗ ಹೊನ್ನಗುಡ್ಡ ಅಂತ ಒಂದು ರಾಜ್ಯ, ಅದರ ಕೋಟೆಯ ನೆತ್ತಿಯ ಮೇಲೆ ಒಂದು ಕಂಚಿನ ಗಿಳಿ. ದಿನಾ ಸಂಜೆ ಗಿಳಿ ಹಾಡುತ್ತಿತ್ತು. ಹಾಡು ಕೇಳಿಸುವಷ್ಟು ದೂರ ಮಸಿಗಣ್ಣನೆಂಬ ಮಾಂತ್ರಿಕನ ಆಟ ನಡೆಯುತ್ತಿರಲಿಲ್ಲ. ಹಾಡು ಮುಟ್ಟದ ಕಡೆ ಯಾರಾದರೂ ಸಿಕ್ಕರೆ ಮುಗಿಯಿತು, ಕೊಕ್ಕರೆ ಮಾಡಿ ಹಾರಿಸಿಬಿಡುತ್ತಿದ್ದ.

ಗಿಳಿಯ ಹೊಟ್ಟೆಯಲ್ಲಿ ಮಿಂಚು ಹರಿಯುತ್ತಿತ್ತು. ಅದನ್ನು ಪಳಗಿಸಲು ಮೂರು ಮಣಿ, ಒಂದೊಂದಕ್ಕೂ ಎರಡು ತಂತಿಯ ಕಾಲು. ತಡೆಮಣಿ ಮಿಂಚಿನ ಓಟ ತಗ್ಗಿಸುತ್ತಿತ್ತು. ಬಾಗಿಲುಮಣಿ ಮಿಂಚನ್ನು ಒಂದೇ ಕಡೆಗೆ ಬಿಡುತ್ತಿತ್ತು, ಹಿಂದಕ್ಕೆ ಬರಗೊಡುತ್ತಿರಲಿಲ್ಲ. ಗಡಿಗೆಮಣಿ ಮಿಂಚನ್ನು ತುಂಬಿಟ್ಟುಕೊಂಡು ಬೇಕಾದಾಗ ಕೊಡುತ್ತಿತ್ತು. ಬಾಗಿಲುಮಣಿ ಮಾಡಿದವನು ಬೂತುಗ. ಮಣಿ ಕೆಟ್ಟಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಿ ಹೇಳುವವಳು ಅವನ ತಂಗಿ ಮಾಚಲೆ. ಅವಳ ಹತ್ತಿರ ಒಂದು ಸೂಜಿಪೆಟ್ಟಿಗೆ ಇತ್ತು. ಅದರ ಎರಡು ತಂತಿ ಮಣಿಯ ಕಾಲಿಗೆ ತಾಗಿಸಿದರೆ, ಮಿಂಚು ಹಾಯುವಂತಿದ್ದರೆ ಸೂಜಿ ಓಲಾಡುತ್ತಿತ್ತು.

ಒಂದು ಸಂಜೆ ಗಿಳಿ ಹಾಡಲಿಲ್ಲ. ಇನ್ನು ಮಸಿಗಣ್ಣನಿಗೆ ಅಡ್ಡ ಅಂತ ಉಳಿದದ್ದು ಕೋಟೆಯ ಗೋಡೆಯೊಂದೇ. ಬೆಳಗಾಗುತ್ತಲೇ ರಾಜ ಮಲ್ಲಿದೇವ ಗಿಳಿಯನ್ನು ಮಾಚಲೆಯ ಮನೆಗೆ ಕಳಿಸಿದ. "ಮಧ್ಯಾಹ್ನದ ಸಭೆಗೆ ಯಾವ ಮಣಿ ಕೆಟ್ಟಿದೆ ಅಂತ ಹೇಳಬೇಕು" ಅಂತ ಅಪ್ಪಣೆ.

ಮಾಚಲೆ ಅಡುಗೆಮನೆಯ ಮಣೆಯ ಮೇಲೆ ಗಿಳಿಯ ಹೊಟ್ಟೆ ಬಿಚ್ಚಿದಳು. ಮಣಿಯ ಒಂದು ಕಾಲಿನ ಬೆಸುಗೆಯನ್ನಾದರೂ ಬಿಡಿಸಿ, ಒಂಟಿ ಮಾಡಿ ಕೇಳಬೇಕು ಅಂತ ಅವಳ ತಾಯಿ ಕಲಿಸಿದ್ದಳು. ಜೊತೆಯಲ್ಲಿದ್ದಾಗ ಕೇಳಿದರೆ ಪಕ್ಕದ ಮಣಿಯೇ ಉತ್ತರ ಕೊಟ್ಟುಬಿಡುತ್ತದೆ. ಆದರೆ ಬೆಸುಗೆ ಬಿಡಿಸಲು ಹೊತ್ತು ಹಿಡಿಯುತ್ತದಲ್ಲ. ಇವತ್ತೊಂದು ದಿನ ಇರಲಿ ಬಿಡು ಅಂದುಕೊಂಡಳು. ಇಂಥ ಬುದ್ಧಿ ನಮಗೂ ಬರುತ್ತದೆ, ಅವಳನ್ನೊಬ್ಬಳನ್ನೇ ಬೈಯುವುದು ಬೇಡ.

ತಡೆಮಣಿಗೆ ತಂತಿ ತಾಗಿಸಿದಳು. ಸೂಜಿ ಓಲಾಡಬೇಕಾದಷ್ಟೇ ಓಲಾಡಿತು. ಬಾಗಿಲುಮಣಿಗೆ ತಾಗಿಸಿದಳು. ಹೀಗೆ ಹಿಡಿದರೂ ಸೂಜಿ ಓಲಾಡಿತು, ತಿರುಗಿಸಿ ಹಿಡಿದರೂ ಓಲಾಡಿತು. ತಪ್ಪು ಸಿಕ್ಕಿತು ಅಂತ ಗಡಿಗೆಮಣಿಯನ್ನು ಅವಳು ಮುಟ್ಟಲೇ ಇಲ್ಲ.

ಸಭೆಯಲ್ಲಿ, "ಬಾಗಿಲುಮಣಿ ಕೆಟ್ಟಿದೆ ಮಹಾಪ್ರಭು" ಅಂದಳು.

ಬೂತುಗ ಎದ್ದು ನಿಂತು ಮೆಲ್ಲಗೆ ಕೇಳಿದ. "ಒಂಟಿ ಮಾಡಿ ನೋಡಿದೆಯಾ ತಂಗಿ?"

ಸಭೆಯೆಲ್ಲ ಅವಳ ಮುಖವನ್ನೇ ನೋಡುತ್ತಿತ್ತು. ಇಷ್ಟು ಜನರ ಎದುರು ಇಲ್ಲ ಅನ್ನುವುದು ಹೇಗೆ? "ನೋಡಿದ್ದೇನೆ" ಅಂದುಬಿಟ್ಟಳು.

ರಾಜನಿಗೆ ಸಿಟ್ಟು ನೆತ್ತಿಗೇರಿತು. "ಕೆಟ್ಟ ಮಣಿ ಕೊಟ್ಟು ರಾಜ್ಯಕ್ಕೇ ಕುತ್ತು ತಂದವನು ಕೋಟೆಯೊಳಗೆ ಇರಕೂಡದು" ಅಂದ. ಬೂತುಗ ತಂಗಿಯ ಕಡೆ ತಿರುಗಿ ನೋಡಿ ಹೊರಟ. ಕೋಟೆಯ ಬಾಗಿಲು ದಾಟಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮಸಿಗಣ್ಣ ಅವನನ್ನು ಕೊಕ್ಕರೆ ಮಾಡಿದ.

ಮಾಚಲೆ ಹೊಸ ಬಾಗಿಲುಮಣಿ ಬೆಸೆದಳು. ಗಿಳಿ ಹಾಡಲಿಲ್ಲ. ಇನ್ನೊಂದನ್ನು ಬೆಸೆದಳು. ಆಗಲೂ ಹಾಡಲಿಲ್ಲ. ಬೂದಿಗೆ ಎಸೆದಿದ್ದ ಅಣ್ಣನ ಮಣಿಯನ್ನು ಆಯ್ದು ತಂದು, ಒರೆಸಿ, ಒಂಟಿಯಾಗಿ ಮಣೆಯ ಮೇಲಿಟ್ಟು ತಂತಿ ತಾಗಿಸಿದಳು. ಹೀಗೆ ಹಿಡಿದರೆ ಸೂಜಿ ಓಲಾಡಿತು. ತಿರುಗಿಸಿ ಹಿಡಿದರೆ ಮಿಸುಕಲಿಲ್ಲ. ಮಣಿಗೆ ಏನೂ ಆಗಿರಲಿಲ್ಲ.

"ಅಯ್ಯೋ ಅಣ್ಣಾ, ಎಂಥಾ ಕೆಲಸ ಮಾಡಿಬಿಟ್ಟೆ ನಾನು" ಅಂತ ಕುಸಿದು ಕೂತಳು. ಆಮೇಲೆ ಕಣ್ಣೊರೆಸಿಕೊಂಡು ಗಡಿಗೆಮಣಿಯ ಒಂದು ಕಾಲು ಬಿಡಿಸಿ ನೋಡಿದಳು. ತುಂಬಿಟ್ಟುಕೊಳ್ಳಬೇಕಾದ ಮಣಿ ಒಡೆದ ಗಡಿಗೆಯ ಹಾಗೆ ಮಿಂಚನ್ನೆಲ್ಲ ಹರಿಯಬಿಡುತ್ತಿತ್ತು. ಪಕ್ಕದಲ್ಲಿ ಕೂತು ಬಾಗಿಲುಮಣಿಯ ಹೆಸರಿನಲ್ಲಿ ಉತ್ತರ ಕೊಟ್ಟದ್ದು ಅದೇ.

ಅದನ್ನು ಬದಲಿಸಿ, ಅಣ್ಣನ ಮಣಿಯನ್ನೇ ಮತ್ತೆ ಬೆಸೆದಳು. ಗಿಳಿ ಎಂದಿಗಿಂತ ಜೋರಾಗಿ ಹಾಡಿತು. ಹಾಡು ಕಾಡಿನಾಚೆಗೂ ಮುಟ್ಟಿತು, ಮಸಿಗಣ್ಣ ನಿಂತಲ್ಲೇ ಮಸಿಯಾಗಿ ಉದುರಿದ. ಕೊಕ್ಕರೆಗಳೆಲ್ಲ ಮನುಷ್ಯರಾಗಿ ಮನೆಗಳಿಗೆ ಮರಳಿದರು. ಮಾಚಲೆ ಸಭೆಯಲ್ಲಿ ನಿಂತು ತಾನು ಸುಳ್ಳು ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಒಪ್ಪಿಕೊಂಡಳು. ರಾಜನೂ ಬೂತುಗನ ಕೈಹಿಡಿದು ತಪ್ಪಾಯಿತು ಅಂದ.

ಅಲ್ಲಿಂದಾಚೆ ಹೊನ್ನಗುಡ್ಡದ ಜನ ಉಂಡುಟ್ಟು ಸುಖವಾಗಿದ್ದರು. ಬೂತುಗ ದೋಣಿ ನಡೆಸುತ್ತಾ, ಮದುವೆ ಮಾಡಿಕೊಂಡು ಮಕ್ಕಳೊಂದಿಗೆ ಚೆನ್ನಾಗಿದ್ದ. ಹಬ್ಬಕ್ಕೆ ತಂಗಿಯ ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದ. ಮಣಿ ಮಾಡುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದ.

ಒಂದು ಹಬ್ಬದಲ್ಲಿ ಮಾಚಲೆ ಎಲೆಗೆ ಪಾಯಸ ಬಡಿಸುತ್ತಾ ಕೇಳಿದಳು. "ಆ ಮಣಿಯ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲವೇನೋ?"

"ಸಿಟ್ಟು ಯಾತರದ್ದೇ. ಸೂಜಿ ತಪ್ಪಬಹುದು, ನೀನೂ ತಪ್ಪಬಹುದು. ನಾನು ಕೇಳಿದಾಗ ಇಲ್ಲಣ್ಣ ಅಂದಿದ್ದರೆ ಸಾಕಿತ್ತು."

ಇಷ್ಟು ಹೇಳಿ ಬೂತುಗ ಪಾಯಸ ಚೆನ್ನಾಗಿದೆ ಅಂದ, ಇನ್ನೊಂದು ಸೌಟು ಹಾಕಿಸಿಕೊಂಡ. ಮಾಚಲೆ ಬಡಿಸಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.