ಮೊದಲು ಯಾರ ಖಾತೆ?

ಪೀಪ್...

ರಾತ್ರಿ ಹನ್ನೆರಡೂವರೆ. ಉಗ್ರಾಣದ ಮೂಲೆಯಲ್ಲಿದ್ದ ಸರ್ವರ್ ಒಮ್ಮೆ ಕೂಗಿ ಸುಮ್ಮನಾಯಿತು. ನೆಲದ ಮೇಲೆ ಕುಳಿತಿದ್ದ ಅವಳು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮನೆಯ ಫೈಲುಗಳೆಲ್ಲ ಇದ್ದದ್ದು ಆ ಕಪ್ಪು ಡಬ್ಬಿಯಲ್ಲಿ. ಏಳು ತಿಂಗಳಿಂದ ಅವಳು ತಿದ್ದುತ್ತಿದ್ದ ನಿಘಂಟೂ ಅದರಲ್ಲೇ. ಬೆಳಿಗ್ಗೆ ಹತ್ತಕ್ಕೆ ಪ್ರಕಾಶಕರಿಗೆ ಕಳಿಸಬೇಕು. ಅವರ ಕಚೇರಿಯ ಹೊಸ ವ್ಯವಸ್ಥೆಯೋ, ಈ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಮುಖವನ್ನೂ ನೋಡಲೊಲ್ಲದು. ಅದಕ್ಕೇ ಫೈಲುಗಳನ್ನು ಮುಟ್ಟದೆ, ಹಳೆಯ ಸಿಸ್ಟಮ್ಮನ್ನಷ್ಟೇ ತೆಗೆದು ಹೊಸದನ್ನು ಹಾಕಿದ್ದಳು. ಒಬ್ಬಳೇ!

ಸರ್ವರ್ ಕಟ್ಟಿದ್ದ ಗಂಡ ಹನ್ನೊಂದು ದಿನದಿಂದ ತನ್ನ ಅಕ್ಕನ ಮನೆಯಲ್ಲಿದ್ದ. "ಇವಳು ಪ್ಲಗ್ ಹಾಕೋಕೂ ನನ್ನೇ ಕರೀತಾಳೆ" ಎಂದು ಎಲ್ಲರೆದುರು ನಕ್ಕಿದ್ದ. "ಹಾಗಾದ್ರೆ ಇನ್ನು ಮನೆಗೆ ಬರಲೇಬೇಡಿ" ಎಂದಿದ್ದಳು. ಅವನು ಬರಲೇ ಇಲ್ಲ.

ಹಳೆಯ ಸೆಟ್ಟಿಂಗುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮೂರು ಸಲ ಸರಿನೋಡಿ, ಒಂದೊಂದಾಗಿ ಮತ್ತೆ ತುಂಬಿದ್ದಳು. ತನ್ನ ಖಾತೆ, ಅವನ ಖಾತೆ, ಪಾಸ್‌ವರ್ಡುಗಳು. ಈಗ 'ನಿಘಂಟು' ಫೋಲ್ಡರನ್ನು ಒತ್ತಿದಳು.

ನಿಮಗೆ ಅನುಮತಿ ಇಲ್ಲ.

ಮತ್ತೆ ಒತ್ತಿದಳು. ಅನುಮತಿ ಇಲ್ಲ. ಪಾಸ್‌ವರ್ಡ್ ಬದಲಿಸಿದಳು. ಡಬ್ಬಿಯನ್ನು ಆರಿಸಿ ಹಚ್ಚಿದಳು. ಒಂದೂವರೆಯಾಯಿತು. ಇಲ್ಲವೆಂದರೆ ಇಲ್ಲ!

'ನನ್ನ ಕೆಲಸಕ್ಕೇ ಬೀಗ ಹಾಕಿ ಹೋಗಿದ್ದಾರೆ...' ಕಣ್ಣು ಉರಿಯಿತು. ಫೋನ್ ಎತ್ತಿದಳು.

"ನನ್ನ ಫೋಲ್ಡರಿಗೆ ಯಾಕ್ರೀ ಬೀಗ ಹಾಕಿದ್ದು?"

"ಬೀಗಾನಾ? ನಾನ್ಯಾಕೆ ಹಾಕ್ಲಿ? ಏನ್ ಮಾಡಿದೆ ನೀನು?"

"ನೋಡಿ, ಶುರುವಾಯ್ತು! ಏನೇ ಕೆಟ್ಟರೂ ನಾನೇ ಕೆಡಿಸಿರ್ಬೇಕು!"

"ಏನೂ ಮುಟ್ಟಬೇಡ. ಬರ್ತಾ ಇದೀನಿ."

"ಬರೋದೇನೂ ಬೇಡ!" ಫೋನ್ ಇಟ್ಟುಬಿಟ್ಟಳು.

ಸಿಟ್ಟಿಗೆ ಕಂಡ ಕಂಡ ಫೋಲ್ಡರನ್ನೆಲ್ಲ ಒತ್ತಿದಳು. ಅವನದು ತೆರೆದುಕೊಂಡಿತು! ಇಷ್ಟು ವರ್ಷ ಅವಳಿಗೆ ಎಂದೂ ತೆರೆಯದಿದ್ದದ್ದು.

ಮುಚ್ಚಬೇಕೆನ್ನುವಷ್ಟರಲ್ಲಿ... ನಿಘಂಟಿನ ನಕಲುಗಳು! ದಿನಕ್ಕೊಂದು. ಅವನು ಹೋದ ಮೇಲಿನ ರಾತ್ರಿಗಳವೂ ಇದ್ದವು. ಅಕ್ಕನ ಮನೆಯಲ್ಲಿ ಕೂತೇ ಇಂಟರ್ನೆಟ್ಟಿನ ಮೂಲಕ ಸರ್ವರಿಗೆ ಬಂದು ತೆಗೆದಿಟ್ಟಿದ್ದ. ಪ್ರತಿಯೊಂದರ ಜೊತೆ ಒಂದೊಂದು ಟಿಪ್ಪಣಿ.

'ಪ ಅಕ್ಷರ ಮುಗಿಸಿದಳು. ನಾನು ಅಂದುಕೊಂಡಿದ್ದಕ್ಕಿಂತ ಎರಡು ದಿನ ಮೊದಲೇ.'

'ಇವತ್ತು ಒಂದೇ ಪುಟ. ಹುಷಾರಿಲ್ಲವೋ ಏನೋ. ಕೇಳಲು ನನಗೆ ಮುಖವಿಲ್ಲ.'

'ಹ ಶುರು ಮಾಡಿದಳು. ಒಳ್ಳೆಯ ಕೆಲಸ ಮಾಡುತ್ತಾಳೆ. ಇದನ್ನು ಎದುರಿಗೆ ಯಾಕೆ ಹೇಳಲಾರೆ?'

ಅಕ್ಷರಗಳು ಮಂಜಾದವು.

ಕರೆಗಂಟೆ ಸದ್ದು ಮಾಡಿತು. ಅವಸರದಲ್ಲಿ ಆ ಫೋಲ್ಡರನ್ನು ಮುಚ್ಚಿ, ಕಣ್ಣೊರೆಸಿಕೊಂಡು ಬಾಗಿಲು ತೆರೆದಳು. ಅವನು ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ನಿಂತಿದ್ದ.

"ಅಕ್ಕ ಏನೂ ಅನ್ಲಿಲ್ವಾ, ಇಷ್ಟೊತ್ತಿನಲ್ಲಿ?"

"'ಸದ್ಯ, ಹೊರಟೆಯಲ್ಲಪ್ಪಾ' ಅಂದ್ಲು."

ಅವಳಿಗೆ ನಗು ಬಂತು, ತುಟಿ ಕಚ್ಚಿಕೊಂಡಳು. ಪರದೆ ನೋಡಿ ಅವನು ಕೇಳಿದ: "ಮೊದಲು ಯಾರ ಖಾತೆ ಮಾಡಿದೆ?"

"ನಂದೇ! ಯಾವಾಗ್ಲೂ ನಿಮ್ಮದೇ ಮೊದಲಾಗ್ಬೇಕಾ?"

"ಅಯ್ಯೋ, ಈ ಡಬ್ಬಿ ಹೆಸರು ನೋಡಲ್ಲ ಕಣೇ, ಖಾತೆ ಮಾಡಿದ ಸರದಿಯ ನಂಬರ್ ನೋಡುತ್ತೆ. ಹಳೇದ್ರಲ್ಲಿ ನಾನು ಒಂದು, ನೀನು ಎರಡು. ಈಗ ತಿರುಗುಮುರುಗು. ನಿಘಂಟು ಇನ್ನೂ ಎರಡನೇ ನಂಬರಿನವರದ್ದೇ ಅಂತ ಡಬ್ಬಿ ಅಂದ್ಕೊಂಡಿದೆ, ಆ ನಂಬರ್ ಈಗ ನಂದು."

ಹಾಗಾದರೆ ಬೀಗ ಹಾಕಿದ್ದು ಅವನಲ್ಲ... ತಾನೇ!

"ಉಳಿದದ್ದೆಲ್ಲ ಸರಿಯಾಗಿದೆ. ಮೊದಲ ಸಲ ನಾನು ಮಾಡಿದಾಗ ಎಲ್ಲಾ ಕೆಡಿಸಿದ್ದೆ." ಅವನ ಕೈ ಕೀಬೋರ್ಡಿನತ್ತ ಹೋಯಿತು.

"ಹೇಳಿಕೊಡಿ. ನಾನೇ ಮಾಡ್ತೀನಿ."

ಅವನು ಕೈ ಹಿಂತೆಗೆದುಕೊಂಡ. ಹೇಳಿದ, ಅವಳು ಬೆರಳಚ್ಚಿಸಿದಳು. ಎರಡೇ ಸಾಲು. ನಿಘಂಟು ತೆರೆದುಕೊಂಡಿತು.

"ಅವತ್ತು ಎಲ್ಲರೆದುರು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು," ಎಂದ ಮೆಲ್ಲಗೆ.

"ನಾನೂ ಬರಬೇಡಿ ಅನ್ನಬಾರದಿತ್ತು... ಇನ್ನು ಹೋಗಬೇಡಿ."

ಅವಳ ಕೈ ಹಿಡಿದವನು ಥಟ್ಟನೆ ಗಾಬರಿಯಾದ. "ಅಲ್ಲ... ಹಾಗಾದ್ರೆ ಇಷ್ಟೊತ್ತು ನನ್ನ ಫೋಲ್ಡರ್ ನಿನಗೆ ತೆರೀತಿತ್ತು! ನೋಡಿದ್ಯಾ?"

"ನಿಮ್ಮ ಫೋಲ್ಡರಾ? ಅದ್ರಲ್ಲಿ ನೋಡೋಕೆ ಏನಿದೆ?"

"ಏನೂ ಇಲ್ಲ... ಏನೂ ಇಲ್ಲ."

ಅವನ ಕಿವಿ ಕೆಂಪಾಗಿತ್ತು. ಗೊತ್ತಾದರೆ ನಾಚಿಕೊಂಡು ನಾಳೆಯಿಂದ ಬರೆಯುವುದನ್ನೇ ಬಿಟ್ಟುಬಿಡುತ್ತಾನೆ. ಅವನಿಗಾಗಲಿ, ಅವನ ಅಕ್ಕನಿಗಾಗಲಿ, ಓದಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಅವಳು ಅಲ್ಲೇ ನಿರ್ಧರಿಸಿದಳು.