ಅರ್ಧ ಪೇರ್ ಹಣ್ಣು

ನವೆಂಬರ್ ಒಂದನೆಯ ತಾರೀಖು, ಬೆಳಗಿನ ಆರೂವರೆ. ಲಾನ್‌ಜೋ ಊರಿನ ಕೋಣೆಗಳನ್ನೆಲ್ಲ ಬೆಚ್ಚಗಿಡಲು ಚಳಿಗಾಲದ ಬಿಸಿನೀರನ್ನು ಕೊಳವೆಗಳಿಗೆ ಬಿಡುವ ದಿನ ಅದು.

ಹೊರಗೆ ಇನ್ನೂ ಕತ್ತಲು. ಹಳದಿ ನದಿಯ ಮೇಲಿನ ಮಂಜು ಮೆಲ್ಲಗೆ ನಡೆದು ಬಂದು ವಿಶ್ವವಿದ್ಯಾಲಯದ ಗೇಟಿನ ಬಳಿ ನಿಂತಿತ್ತು. ಹಳೆಯ ಕಟ್ಟಡದ ಮೂರನೆಯ ಮಹಡಿಯ ಓದುಕೋಣೆಯಲ್ಲಿ, ಗೋಡೆಯುದ್ದಕ್ಕೂ ಹೋಗಿದ್ದ ಕಬ್ಬಿಣದ ಕೊಳವೆ ಟಣ್ ಟಣ್ ಎಂದು ಸದ್ದು ಮಾಡುತ್ತ ನಿದ್ದೆಯಿಂದ ಏಳುತ್ತಿತ್ತು.

ಗುಯೂ ಮೆಟ್ಟಿಲು ಹತ್ತಿ ಓಡಿ ಬಂದಳು. ಕೊಳವೆಯ ಪಕ್ಕದ ಕುರ್ಚಿಯ ಮೇಲೆ ಅವಳು ಹಿಂದಿನ ಸಂಜೆಯೇ ಪುಸ್ತಕ ಇಟ್ಟು ಹೋಗಿದ್ದಳು. ಪುಸ್ತಕ ಇಟ್ಟರೆ ಜಾಗ ಹಿಡಿದ ಹಾಗೆ. ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ.

ಪುಸ್ತಕ ಅಲ್ಲಿರಲಿಲ್ಲ. ನೀಲಿ ಹತ್ತಿಕೋಟಿನ ಹುಡುಗನೊಬ್ಬ ಅಲ್ಲಿ ಮೊಣಕಾಲೂರಿ ಕೂತಿದ್ದ.

"ನನ್ನ ಪುಸ್ತಕ ಎಲ್ಲಿ?"

"ಕಿಟಕಿ ಹತ್ತಿರ ಇಟ್ಟಿದ್ದೀನಿ."

"ಯಾರನ್ನ ಕೇಳಿ ಇಟ್ರಿ? ಒಬ್ಬರು ಹಿಡಿದ ಜಾಗಕ್ಕೆ ಕೈ ಹಾಕೋಕೆ ನಾಚಿಕೆ ಆಗಲ್ವಾ?"

ಹುಡುಗ ತಲೆ ಎತ್ತಿದ. ಅವನ ಎರಡೂ ಕೈ ಕೊಳವೆಯ ಕೀಲಿನ ಮೇಲಿದ್ದವು. ಬಟ್ಟೆ ಸುತ್ತಿ ಗಟ್ಟಿಯಾಗಿ ಅದುಮಿ ಹಿಡಿದಿದ್ದ. ತೋಳು ಮೊಣಕೈವರೆಗೂ ಒದ್ದೆ.

"ಕೊಳವೆ ಸೋರ್ತಿತ್ತು. ಪುಸ್ತಕ ನೆನೆಯೋದ್ರಲ್ಲಿತ್ತು. ಬೈಯೋದು ಮುಗಿದಿದ್ರೆ ಆ ಬಕೆಟ್ ಸ್ವಲ್ಪ ಈ ಕಡೆ ತಳ್ತೀರಾ?"

ಗುಯೂಳ ಮುಖ ಕೆಂಪಾಯಿತು. ಬಕೆಟ್ ತಳ್ಳಿದಳು. ಅವನ ಬೆರಳ ಮೇಲಿಂದ ಆವಿ ಏಳುತ್ತಿತ್ತು... ಸುಟ್ಟಿರಬೇಕು, ಆದರೂ ಅವನು ಕೈ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಕೋಣೆ ನೋಡಿಕೊಳ್ಳುವ ಮಾ ಚಿಕ್ಕಮ್ಮ ಸ್ಪಾನರ್ ಹಿಡಿದು ಏದುಸಿರು ಬಿಡುತ್ತ ಬಂದರು. ಇಬ್ಬರನ್ನೂ ನೋಡಿ, "ಬಿಸಿನೀರು ಬಂದ ದಿನವೇ ಇಲ್ಲಿ ಜಗಳವೂ ಬಿಸಿಯಾಗಿದೆ," ಎಂದರು.

ಹುಡುಗ ನಕ್ಕ. ಆ ನಗು ಗುಯೂಳ ಕಣ್ಣಲ್ಲಿ ಎಷ್ಟು ಹೊತ್ತು ಉಳಿಯಿತೆಂದರೆ, ಆ ಬೆಳಿಗ್ಗೆ ಒಂದು ಪುಟವೂ ತಲೆಗೆ ಹತ್ತಲಿಲ್ಲ.

* * *

ಆ ಚಳಿಗಾಲ ಕೊನೆಯ ವರ್ಷದ ಮಕ್ಕಳೆಲ್ಲರ ಬಾಯಲ್ಲೂ ಒಂದೇ ಮಾತು. ಡಿಸೆಂಬರಿನ ದೊಡ್ಡ ಪರೀಕ್ಷೆ. ಅದು ದಾಟಿದರೆ ಮುಂದಿನ ಓದು. ದಾಟದಿದ್ದರೆ ಕೆಲಸ ಹುಡುಕಬೇಕು, ಕೆಲಸ ಎಲ್ಲಿದೆ? ಕಾರಿಡಾರಿನ ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಬಾಯಿಪಾಠ ಹೇಳುವವರು, ಓದುತ್ತ ಓದುತ್ತ ಅಳುವವರು... ಮಾ ಚಿಕ್ಕಮ್ಮ ಎಲ್ಲರಿಗೂ ಬಿಸಿನೀರು ಕೊಡುತ್ತಿದ್ದರು.

ಗುಯೂಳ ಅಮ್ಮ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. "ಪಾಸಾದ್ರೆ ಓದು. ಇಲ್ದಿದ್ರೆ ಊರಿಗೆ ಬಾ. ನಿಮ್ಮತ್ತೆ ಒಬ್ಬ ಹುಡುಗನ್ನ ನೋಡಿದ್ದಾಳೆ, ಸರ್ಕಾರಿ ಕೆಲಸ. ನೋಡಿದ್ರೆ ನಿನಗೇನು ಮುಳ್ಳು ಚುಚ್ಚುತ್ತಾ?"

ಗುಯೂ 'ಹೂಂ' ಎಂದು ಫೋನ್ ಇಡುತ್ತಿದ್ದಳು.

ಮಕ್ಕಳ ನಡುವೆ ಈಚೆಗೆ 'ಜೊತೆ' ಎಂಬ ಮಾತು ಚಾಲ್ತಿಗೆ ಬಂದಿದೆ. ಊಟದ ಜೊತೆ, ಓಟದ ಜೊತೆ, ಓದಿನ ಜೊತೆ. ಒಂದೇ ಕೆಲಸಕ್ಕೆ ಒಬ್ಬರು. ಊಟದ ಜೊತೆ ಊಟಕ್ಕೆ ಮಾತ್ರ. ಸ್ನೇಹವೂ ಅಲ್ಲ, ಪ್ರೀತಿಯಂತೂ ಅಲ್ಲ. ಕೆಲಸ ಮುಗಿದ ದಿನ ಅವರವರ ದಾರಿ. ಮನಸ್ಸು ನೋಯಿಸಿಕೊಳ್ಳಲು ಪುರುಸೊತ್ತಿಲ್ಲದ ಮಕ್ಕಳು ಕಂಡುಕೊಂಡ ಉಪಾಯ.

ಕೊಳವೆ ಸೋರಿದ ಮೂರನೆಯ ದಿನ ನೀಲಿ ಕೋಟಿನ ಹುಡುಗನೇ ಕೇಳಿದ.

"ಓದಿನ ಜೊತೆ ಆಗ್ತೀಯಾ? ಒಬ್ಬರು ನಿದ್ದೆ ಹೋದ್ರೆ ಇನ್ನೊಬ್ಬರು ಎಬ್ಬಿಸೋದು. ಪರೀಕ್ಷೆ ಮುಗಿಯೋವರೆಗೆ ಮಾತ್ರ."

"ನಿಯಮ?"

"ಹೆಸರು ಕೇಳಬಾರದು. ಊರು ಕೇಳಬಾರದು."

"ಫೋನ್ ನಂಬರು?"

"ಅದೂ ಬೇಡ. ನಂಬರು ಕೊಟ್ಟರೆ ಹೆಸರು ಬಂದೇ ಬರುತ್ತೆ."

"ಹಾಗಾದ್ರೆ ಕರೆಯೋದು ಹೇಗೆ, ಶಿಳ್ಳೆ ಹೊಡೆದಾ?"

ಅವನು ಕೊಳವೆಯ ಕಡೆ ನೋಡಿದ, ತಾನು ಕೂರುವ ಕಿಟಕಿಯ ಕಡೆ ನೋಡಿದ. "ನೀನು ಕೊಳವೆ. ನಾನು ಕಿಟಕಿ."

ಹಾಗೆ ಶುರುವಾಯಿತು.

ಅವನು ಬೆಳಿಗ್ಗೆ ಬಿಸಿ ಸೋಯಾ ಹಾಲು ತಂದು ಅವಳ ಮೇಜಿನ ಮೇಲೆ ಇಡುತ್ತಿದ್ದ. ಅವಳು ಕಷ್ಟದ ಇಂಗ್ಲಿಷ್ ಪದಗಳನ್ನು ಚೀಟಿಯಲ್ಲಿ ಬರೆದು ಅವನ ಕಡೆ ತಳ್ಳುತ್ತಿದ್ದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು, ಅವನ ಭುಜ ದಾಟಿ ಅವಳ ಪುಸ್ತಕದ ಮೇಲೆ ಬರುವ ಹೊತ್ತು ಒಂದಿತ್ತು. ಗುಯೂ ಆ ಹೊತ್ತಿಗಾಗಿ ಕಾಯುತ್ತಿದ್ದಳು. ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಅವನ ನೆರಳು ಅವಳ ಅಕ್ಷರಗಳ ಮೇಲೆ ಬಿದ್ದು, ಒಂದೊಂದೇ ಸಾಲನ್ನು ಓದುತ್ತಿರುವ ಹಾಗೆ ಮೆಲ್ಲಗೆ ಕೆಳಗಿಳಿಯುತ್ತಿತ್ತು...

'ಇದು ಓದಿನ ಜೊತೆ ಮಾತ್ರ,' ಎಂದು ತನಗೆ ತಾನೇ ಹೇಳಿಕೊಳ್ಳುವಳು. ಹೇಳಿಕೊಂಡಷ್ಟೂ ಎದೆ ಕೇಳುತ್ತಿರಲಿಲ್ಲ.

ಒಮ್ಮೆ ನಿದ್ದೆ ಹೋಗಿ ಎದ್ದಾಗ ನೀಲಿ ಕೋಟು ಅವಳ ಬೆನ್ನ ಮೇಲಿತ್ತು.

"ಎಬ್ಬಿಸಬೇಕು ಅಂತ ಅಲ್ವಾ ನಿಯಮ?"

"ಎಬ್ಬಿಸ್ದೆ. ನೀನು ಏಳಲಿಲ್ಲ."

"ಸುಳ್ಳು."

"ಹೂಂ, ಸುಳ್ಳು," ಎಂದು ಅವನು ಪುಸ್ತಕಕ್ಕೆ ತಲೆ ತಗ್ಗಿಸಿದ. ಕಿವಿ ಮಾತ್ರ ಕೆಂಪಾಗಿತ್ತು.

* * *

ಎರಡು ದಿನದ ಪರೀಕ್ಷೆಗೆ ಒಂದೇ ದಿನ ಉಳಿದಿತ್ತು. ಶುಕ್ರವಾರ. ಗುಯೂಳಿಗೆ ಕೆಮ್ಮು. ಕಿಟಕಿ ತನ್ನ ಚೀಲದಿಂದ, ಕೆಮ್ಮಿಗೆ ಒಳ್ಳೆಯದೆಂದು, ಒಂದು ಪೇರ್ ಹಣ್ಣು ತೆಗೆದ. ದೊಡ್ಡದು, ಬೂದುಬಣ್ಣದ ಚುಕ್ಕೆಯದು.

"ನಾಡಿದ್ದು ಸಂಜೆ ಪರೀಕ್ಷೆ ಮುಗಿದ ಮೇಲೆ ಕಬ್ಬಿಣದ ಸೇತುವೆ ಹತ್ತಿರ ಬರ್ತೀಯಾ? ಒಂದು ಮಾತು ಹೇಳೋದಿದೆ."

ಗುಯೂ ಪುಸ್ತಕ ಮುಚ್ಚಿದಳು. "ಈಗಲೇ ಹೇಳು."

"ಈಗ ಹೇಳಿದ್ರೆ ಇಬ್ಬರೂ ಫೇಲು," ಎಂದು ನಕ್ಕು, ಸಣ್ಣ ಚಾಕು ತೆಗೆದು, ಹಣ್ಣನ್ನು ಒಂದೇ ಏಟಿಗೆ ಎರಡು ಹೋಳು ಮಾಡಿ, ಒಂದು ಹೋಳು ಅವಳ ಮುಂದಿಟ್ಟ. ಇನ್ನೊಂದನ್ನು ತಾನಿಟ್ಟುಕೊಂಡ.

ಗುಯೂ ಆ ಹೋಳನ್ನೇ ನೋಡುತ್ತ ಕೂತಳು.

ನಮ್ಮ ಲಾನ್‌ಜೋ ಮಾತಿನಲ್ಲಿ ಪೇರ್ ಹಣ್ಣು ಹಂಚುವುದಕ್ಕೂ ಅಗಲುವುದಕ್ಕೂ ಒಂದೇ ಉಚ್ಚಾರ. ಅದಕ್ಕೇ ಗಂಡ ಹೆಂಡತಿ ಒಂದು ಪೇರ್ ಹಣ್ಣನ್ನು ಹಂಚಿ ತಿನ್ನುವುದಿಲ್ಲ. ತಾಯಿ ಮಕ್ಕಳೂ ಅಷ್ಟೆ. ಗುಯೂಳ ಅಜ್ಜಿಯಂತೂ ಮೊಮ್ಮಗಳು ಅರ್ಧ ಹಣ್ಣು ಕೇಳಿದರೆ, "ಇಡೀದು ತಿನ್ನು, ಇಲ್ಲಾಂದ್ರೆ ಮುಟ್ಟಬೇಡ," ಎಂದು ಗದರುತ್ತಿದ್ದಳು.

'ಆಯಿತು... ಸೇತುವೆ ಹತ್ತಿರ ಹೇಳುವ ಮಾತನ್ನು ಬಾಯಿಬಿಟ್ಟು ಹೇಳಲಾಗದೆ ಹಣ್ಣಿನಲ್ಲೇ ಹೇಳಿಬಿಟ್ಟ. ಪರೀಕ್ಷೆ ಮುಗಿದರೆ ನಮ್ಮ ಜೊತೆಯೂ ಮುಗಿಯಿತು ಅಂತ.'

ಅವನು ಬಿಸಿನೀರು ತರಲು ಹೋದ. ಅವಳು ಹೋಳನ್ನು ಮುಟ್ಟದೆ, ಪುಸ್ತಕ ಕಟ್ಟಿಕೊಂಡು ಎದ್ದು ಹೋದಳು.

ಭಾನುವಾರ ಸಂಜೆ ಪರೀಕ್ಷೆ ಮುಗಿಯಿತು. ಅವಳು ಸೇತುವೆಯ ಕಡೆ ಹೋಗಲಿಲ್ಲ. ಸೋಮವಾರ ಬೆಳಗಿನ ರೈಲಿಗೆ ಊರಿಗೆ ಹೊರಟಳು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಕಳೆದುಕೊಂಡವನನ್ನು ಹುಡುಕಲು ಒಂದು ಅಕ್ಷರವೂ ಇರಲಿಲ್ಲ.

* * *

ಹೊಸ ವರ್ಷದ ಹಬ್ಬಕ್ಕೆ ಅತ್ತೆ ಆ ಸರ್ಕಾರಿ ಕೆಲಸದ ಹುಡುಗನನ್ನು ಮನೆಗೆ ಕರೆತಂದಳು. ಒಳ್ಳೆಯವನೇ. ಕೂದಲು ಒಪ್ಪವಾಗಿ ಬಾಚಿಕೊಂಡಿದ್ದ. ತಟ್ಟೆಯಿಂದ ಒಂದು ಪೇರ್ ಹಣ್ಣು ತೆಗೆದು ಸಿಪ್ಪೆ ಎಲ್ಲೂ ತುಂಡಾಗದಂತೆ ಸುಲಿದು, ಇಡೀ ಹಣ್ಣನ್ನು ಅವಳ ಕೈಗಿಟ್ಟ.

"ಪೂರ್ತಿ ನಿಮಗೇ. ಹಂಚಬಾರದಲ್ವಾ?"

ಅಮ್ಮ, ಅತ್ತೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಎಂಥಾ ತಿಳಿದ ಹುಡುಗ.

ಗುಯೂಳ ಕಣ್ಣಿಂದ ನೀರು ದಳದಳ ಇಳಿಯಿತು. ಕೈಯಲ್ಲಿ ಇಡೀ ಹಣ್ಣಿತ್ತು. ಅವಳಿಗೆ ಬೇಕಾಗಿದ್ದದ್ದು ಆ ಅರ್ಧವೇ... ಮೇಜಿನ ಮೇಲೆ ಬಿಟ್ಟುಬಂದ ಆ ಅರ್ಧ.

ಹುಡುಗ ಹೋದ ಮೇಲೆ ಅಮ್ಮ ಪಕ್ಕದಲ್ಲಿ ಕೂತಳು. "ಯಾರದು?"

"ಹೆಸರು ಗೊತ್ತಿಲ್ಲಮ್ಮ."

"ಹೆಸರೇ ಗೊತ್ತಿಲ್ಲದವನಿಗೆ ಇಷ್ಟು ಕಣ್ಣೀರಾ?" ಅಮ್ಮ ಬೈಯಲು ಬಾಯಿ ತೆರೆದವಳು ಮಗಳ ಕಣ್ಣು ಒರೆಸಿದಳು. "ಮೊದಲು ಹೆಸರು ಕೇಳ್ಕೊಂಡು ಬಾ. ಆಮೇಲೆ ನಾನು ಬೇಡ ಅಂತೀನೋ ಇಲ್ವೋ ನೋಡೋಣ," ಎಂದಳು.

* * *

ಫೆಬ್ರವರಿ ಕೊನೆಗೆ ಫಲಿತಾಂಶ ಬಂತು. ಗುಯೂ ಪಾಸಾಗಿದ್ದಳು. ಖುಷಿ ಹೇಳಿಕೊಳ್ಳಬೇಕು ಎನಿಸಿದ್ದು ಒಬ್ಬನಿಗೆ. ಕಾಲೇಜು ಶುರುವಾದ ದಿನವೇ ಓದುಕೋಣೆಗೆ ಓಡಿದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಯಾರೋ ಕಿರಿಯ ಹುಡುಗಿ ಕೂತಿದ್ದಳು.

"ಬಂದೆಯಾ ಕೊಳವೆ?" ಮಾ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು. "ಇನ್ನೊಂದು ವಾರ ತಡ ಮಾಡಿದ್ರೆ ಎಲ್ಲ ಕರಗಿ ಹೋಗ್ತಿತ್ತು."

"ಏನು ಚಿಕ್ಕಮ್ಮ?"

ಅವರು ಉತ್ತರದ ಕಿಟಕಿ ತೆರೆದು, ಹೊರಗಿನ ಕಟ್ಟೆಯಿಂದ ಒಂದು ಬಟ್ಟೆಚೀಲ ಎಳೆದುಕೊಂಡರು. ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಕಪ್ಪು ಪೇರ್ ಹಣ್ಣುಗಳು. ಚಳಿಗೆ ಕಪ್ಪಾಗಿ, ಒಳಗೆಲ್ಲ ಜೇನಾದ ಹಣ್ಣು. ಅದನ್ನು ತಣ್ಣೀರಲ್ಲಿ ನೆನೆಹಾಕಿ, ತೂತು ಮಾಡಿ ಹೀರಬೇಕು. ಚಾಕು ಹಾಕಲು ಬರುವುದಿಲ್ಲ.

"ಹಬ್ಬಕ್ಕೆ ಮುಂಚೆ ಕಿಟಕಿ ನಿನಗೆ ಅಂತ ತಂದುಕೊಟ್ಟ. ಪರೀಕ್ಷೆ ಮುಗಿದ ಸಂಜೆ ಸೇತುವೆ ಹತ್ತಿರ ಅಂಗಡಿ ಮುಚ್ಚೋವರೆಗೂ ಕಾದಿದ್ನಂತೆ ಪಾಪ. ಏನಾಯ್ತು ಅಂತ ನಾನೇ ಕೇಳ್ದೆ. ಹೋಳು ಮಾಡಿ ಕೊಟ್ಟೆ ಅಂದ. ನನ್ನ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡ ಮೇಲೇ ಈ ಸೀಳೋಕಾಗದ ಹಣ್ಣು ತಂದಿದ್ದು."

"ಅವನಿಗೆ ಗೊತ್ತಿರಲಿಲ್ವಾ?"

"ಮಗಳೇ, ಅವನು ನದಿ ದಂಡೆ ಮೇಲಿನ ಆ ಪೇರ್ ತೋಟದ ಹಳ್ಳಿಯವನು. ಅಲ್ಲಿ ಬಂದ ಗಿರಾಕಿಗೆಲ್ಲ ಹೋಳು ಮಾಡಿ ರುಚಿ ತೋರಿಸ್ತಾರೆ. ಹಂಚಬಾರದು ಅಂತ ಕೂತ್ರೆ ವ್ಯಾಪಾರ ನಡೆಯುತ್ತಾ? ಹುಟ್ಟಿದಾಗಿಂದ ಹಣ್ಣು ಸೀಳಿಯೇ ಬೆಳೆದವನು ಅವನು."

ಗುಯೂ ಕಪ್ಪು ಹಣ್ಣನ್ನು ಕೆನ್ನೆಗೆ ಒತ್ತಿಕೊಂಡಳು. ಚುರ್ ಎಂದು ತಣ್ಣಗಿತ್ತು.

"ಅವನು ಪಾಸಾದ್ನಾ?"

ಚಿಕ್ಕಮ್ಮ ಇಲ್ಲವೆಂದು ತಲೆಯಾಡಿಸಿದರು. "ಆರು ಅಂಕ ಕಡಿಮೆ, ಮೊನ್ನೆ ಫೋನ್ ಮಾಡಿ ಹೇಳ್ದ. ತೋಟಕ್ಕೆ ಹೋಗಿದ್ದಾನೆ. ಡಿಗ್ರಿ ಓದಿ ಮರ ಹತ್ತೋದಾ ಅಂತ ಊರವರು ನಗ್ತಾರಂತೆ. ನಿನ್ನನ್ನ ಹುಡುಕಬೇಡಿ ಅಂದ. ಅವಳು ಪಾಸಾಗೇ ಇರ್ತಾಳೆ, ಅವಳ ದಾರಿಗೆ ನಾನ್ಯಾಕೆ ಅಡ್ಡ ಅಂತ. ಹೆಸರು ಹೇಳ್ಬೇಡಿ ಅಂತಾನೂ ಅಂದ. ಅದಕ್ಕೆ ಊರು ಮಾತ್ರ ಹೇಳಿದ್ದೀನಿ."

ಗುಯೂ ಅಳುತ್ತಲೇ ನಕ್ಕಳು.

* * *

ಮಾರ್ಚ್ ಸಂದರ್ಶನದಲ್ಲಿ ಕಳೆಯಿತು. ಇದೇ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ ಮೇಲೆ, ಏಪ್ರಿಲ್ ಇಪ್ಪತ್ತರಂದು ಅವಳು ಆ ಹಳ್ಳಿಗೆ ಬಸ್ಸು ಹತ್ತಿದಳು. ಧಾನ್ಯಕ್ಕೆ ಮಳೆ ಬರುವ ದಿನವೆಂದು ಪಂಚಾಂಗ ಹೇಳುವ ದಿನ ಅದು. ಅವಳು ಹುಟ್ಟಿದ್ದೂ ಅಂದೇ.

ನೂರಾರು ವರ್ಷದ ಪೇರ್ ಮರಗಳು. ಹೂ ಮುಗಿಯುವ ಕಾಲ. ಗಾಳಿ ಬೀಸಿದಾಗಲೆಲ್ಲ ಬಿಳಿ ಎಸಳು ನದಿಯ ಮೇಲೆ, ದಾರಿಯ ಮೇಲೆ, ಅವಳ ಕೂದಲ ಮೇಲೆ ಇಳಿಯುತ್ತಿದ್ದವು. ಯಾವುದೋ ಹಳೆಯ ಕನಸಿನೊಳಗೆ ಬಸ್ಸಿನಿಂದ ಇಳಿದ ಹಾಗಿತ್ತು.

ಉದ್ದನೆಯ ಏಣಿಯ ತುದಿಯಲ್ಲಿ ನೀಲಿ ಕೋಟು ಕಂಡಿತು.

"ಕಿಟಕಿ..."

ಏಣಿ ಅಲುಗಿತು. "ಕೊಳವೆ?"

ಅವನು ಇಳಿದು ಬಂದ. ಕೈಗೆ ಮಣ್ಣು, ತಲೆಗೆ ಹೂವು.

"ನಾನು ಪಾಸಾಗಲಿಲ್ಲ," ಎಂದ.

"ಗೊತ್ತು. ನಾನು ಅದನ್ನ ಕೇಳೋಕೆ ಬರಲಿಲ್ಲ. ಹೆಸರು ಕೇಳೋಕೆ ಬಂದೆ. ಅಮ್ಮ ಕೇಳ್ಕೊಂಡು ಬಾ ಅಂದಿದ್ದಾಳೆ."

ಅವನು ನೆಲ ನೋಡಿದ. "ನಗಬಾರದು."

"ನಗಲ್ಲ."

"ಶೂಗೆನ್."

ಶೂಗೆನ್ ಎಂದರೆ ಮರದ ಬೇರು. ಈ ಕಾಲದ ಹುಡುಗರಿಗೆ ಯಾರೂ ಇಡದ, ಹಳ್ಳಿ ಅಜ್ಜಂದಿರ ಹೆಸರು. ಗುಯೂ ತುಟಿ ಕಚ್ಚಿದಳು. "ಈ ಹೆಸರಿಗೋಸ್ಕರ ಅಷ್ಟೆಲ್ಲ ನಿಯಮ ಮಾಡಿದ್ಯಾ?"

"ಹೂಂ. ಮೊದಲ ದಿನವೇ ನೀನು ನಕ್ಕುಬಿಟ್ರೆ ಅಂತ... ನಿನ್ನ ಹೆಸರು?"

"ಗುಯೂ."

"ಇವತ್ತಿನ ದಿನದ ಹೆಸರು."

"ಹೂಂ. ಧಾನ್ಯದ ಮಳೆ. ಮಳೆ ಇಳಿಯೋದು ಬೇರಿಗೆ ತಾನೇ?" ಎಂದವಳು, ತಾನು ಹೇಳಿದ್ದೇನೆಂದು ಹೊಳೆದು ಮುಖ ತಿರುಗಿಸಿಕೊಂಡಳು.

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಸೇತುವೆ ಹತ್ತಿರ ಹೇಳಬೇಕು ಅಂದಿದ್ದು ಇಷ್ಟೇ. ಓದಿಗೆ ಮಾತ್ರ ಜೊತೆ ಸಾಕಾಗಲ್ಲ ನನಗೆ. ಆದ್ರೆ ಹಣ್ಣು ಸೀಳಿ ಎಲ್ಲ ಕೆಡಿಸಿಬಿಟ್ಟೆ."

"ನಾನು ಬಿಟ್ಟುಹೋದ ಆ ಅರ್ಧ... ಏನು ಮಾಡಿದೆ?"

"ಬಿಸಾಕೋಕೆ ಮನಸ್ಸು ಬರಲಿಲ್ಲ. ನಾನೇ ತಿಂದೆ."

ಗುಯೂ ಅವನನ್ನೇ ನೋಡಿದಳು. ನಿಧಾನವಾಗಿ ಅವಳ ಮುಖ ಅರಳಿತು.

"ಹಾಗಾದ್ರೆ ಇಡೀ ಹಣ್ಣು ನೀನೊಬ್ಬನೇ ತಿಂದ ಹಾಗಾಯ್ತು. ನಾವು ಹಂಚಲೇ ಇಲ್ಲ."

ಶೂಗೆನ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ನಕ್ಕ. ಬಿಸಿ ಕೊಳವೆಯ ಕೀಲು ಹಿಡಿದು ನಕ್ಕಿದ್ದ ಅದೇ ನಗು. ಮಣ್ಣಿನ ಕೈಯನ್ನು ಕೋಟಿಗೆ ಒರೆಸಿಕೊಂಡು ಅವಳ ಕೈ ಹಿಡಿದ. ಬೆರಳ ತುದಿಯಲ್ಲಿ ಸುಟ್ಟ ಕಲೆ ಇನ್ನೂ ಇತ್ತು.

"ನಿಮ್ಮಮ್ಮ ಒಪ್ಪದಿದ್ರೆ?"

"ಹೆಸರು ಕೇಳಿ ಮೊದಲು ನಗ್ತಾಳೆ. ನಕ್ಕ ಮೇಲೆ ಬೈಯೋದು ಕಷ್ಟ. ನೀನೇ ಬಂದು ಹೇಳು."

"ಯಾವಾಗ?"

"ಸಂಜೆ ಬಸ್ಸಿದೆ."

ಅವನು ಏಣಿಯನ್ನು ಮರಕ್ಕೆ ಒರಗಿಸಿಟ್ಟು, ನೀಲಿ ಕೋಟು ಕೊಡವಿಕೊಂಡ. ಎಸಳು ಪೂರ್ತಿ ಉದುರಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಆ ಹಳ್ಳಿಯಿಂದ ಹೊರಟವರು ಇಬ್ಬರು. ಅಂದೂ ಭಾನುವಾರ, ಅವಳು ಸೇತುವೆಗೆ ಹೋಗದ ದಿನದ ಹಾಗೆ.